ಪುಸ್ತಕದಮ್ಮ ಡಾಲಿ

ಅಮೆರಿಕ ದೇಶದಲ್ಲಿ ಟೆನೆಸಿ ಎಂಬ ರಾಜ್ಯವಿದೆ. ಅಲ್ಲಿನ ಬೆಟ್ಟದ ಸೀಮೆಯಲ್ಲಿ 1946ರಲ್ಲಿ ಡಾಲಿ ಪಾರ್ಟನ್ ಹುಟ್ಟಿದರು. ಬಡ ಮನೆ, ಹನ್ನೆರಡು ಮಕ್ಕಳು. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ.

ಡಾಲಿ ಚಿಕ್ಕಂದಿನಿಂದಲೇ ಹಾಡು ಕಟ್ಟುತ್ತಿದ್ದರು. 1964ರಲ್ಲಿ ಶಾಲೆ ಮುಗಿಸಿ ನ್ಯಾಶ್‌ವಿಲ್ ಪಟ್ಟಣಕ್ಕೆ ಹೋದರು. ಹಳ್ಳಿ ಬದುಕಿನ ಹಾಡು ಹಾಡಿದರು. ಅಮ್ಮ ಬಟ್ಟೆ ತುಂಡು ಸೇರಿಸಿ ಹೊಲಿದ ಕೋಟಿನ ಮೇಲೂ ಹಾಡು ಕಟ್ಟಿದರು. ಹೆಸರು ಬಂತು, ಹಣವೂ ಬಂತು.

ಅಪ್ಪನ ಕೊರತೆಯನ್ನು ಡಾಲಿ ಮರೆಯಲಿಲ್ಲ. 1995ರಲ್ಲಿ ತಮ್ಮ ಸೀಮೆಯ ಪುಟ್ಟ ಮಕ್ಕಳಿಗೆ ತಿಂಗಳಿಗೊಂದು ಪುಸ್ತಕ ಕಳಿಸತೊಡಗಿದರು. ಕಾಸಿಲ್ಲದೆ, ಅಂಚೆಯಲ್ಲಿ! ಮಕ್ಕಳು ಡಾಲಿಯನ್ನು ಪುಸ್ತಕದಮ್ಮ ಅಂದರು. ಅಪ್ಪ ಹಿಗ್ಗಿದರು. 2023ರ ಹೊತ್ತಿಗೆ ಹಲವು ದೇಶಗಳಲ್ಲಿ 20 ಕೋಟಿ ಪುಸ್ತಕ ಹಂಚಿದ್ದಾಯಿತು.

ಅಕ್ಕಂದಿರೇ, ಹೆಬ್ಬೆಟ್ಟು ಒತ್ತುವ ಸಂಕಟ ನಮಗೂ ಗೊತ್ತು. ಈಗ ನಾವು ಓದಬಲ್ಲೆವು. ಇವತ್ತು ರಾತ್ರಿ ಈ ಪಾಠವನ್ನು ಮನೆಯವರಿಗೆ ಓದಿ ಹೇಳೋಣ.

ಬರೆಯಿರಿ: ನಿಮ್ಮ ಅಪ್ಪ, ಅಮ್ಮನ ಹೆಸರು.