ಮೊದಲು ಮನೆಯ ಮುದುಕಿಯನ್ನು ಕೇಳು

ತಮ್ಮಾ, ನಿನಗೆ ಹೊಸ ಹುಚ್ಚು ಹಿಡಿದಿದೆಯಂತೆ. ಮನೆತನದ ಮೂಲ ಹುಡುಕಬೇಕು, ನಮ್ಮವರು ಎಲ್ಲಿಂದ ಬಂದರು ಅಂತ ತಿಳಿಯಬೇಕು. ಒಳ್ಳೆಯ ಹುಚ್ಚೇ. ಆದರೆ ಮೊಬೈಲಿನಲ್ಲಿ ಅಡ್ಡಹೆಸರು ಒತ್ತಿ, ಏನೂ ಸಿಗಲಿಲ್ಲವೆಂದು ಸಂಜೆಯೊಳಗೆ ಮುಖ ಊದಿಸಿಕೊಂಡೆಯಂತೆ. ಕರೆದ ಕೂಡಲೇ ಓಡಿ ಬರಲು ಸತ್ತ ಮುತ್ತ್ಯಾಗಳೇನು ನಿನ್ನ ಆಳುಗಳೇ?

ಸಮೀರವಾಡಿಯ ಹುಡುಗನಿಗೆ ಈ ಪ್ರಶ್ನೆ ಹುಟ್ಟಿದ್ದರಲ್ಲಿ ಸೋಜಿಗವಿಲ್ಲ. ಸಕ್ಕರೆ ಕಾರ್ಖಾನೆಯ ಬೆನ್ನು ಹತ್ತಿ ಬೆಳೆದ ಊರಿದು. ಇಲ್ಲಿ ಯಾರ ಮನೆಯ ಮಾತು ತೆಗೆದರೂ ಎರಡು-ಮೂರು ತಲೆಮಾರಿಗೆ ಬೇರೊಂದು ಊರಿನ ಹೆಸರು ಬರುತ್ತದೆ. ಒಬ್ಬರು ಕೆಲಸ ಹುಡುಕಿಕೊಂಡು ಬಂದರು. ಇನ್ನೊಬ್ಬರು ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಎದ್ದು ಬಂದರು. ಅದಕ್ಕೂ ಹಿಂದೆ 1876ರಿಂದ 78ರವರೆಗಿನ ಬರ ವಿಜಾಪುರ ಸೀಮೆಯ ಎಷ್ಟೋ ಮನೆಗಳಿಗೆ ಬೀಗ ಹಾಕಿಸಿತ್ತು. ಗುಳೆ ಹೋಗದ ಮನೆತನ ಈ ಕಡೆ ಅಪರೂಪ.

ಮೊದಲ ಮಾತು, ಕಾಗದಕ್ಕಿಂತ ಮುಂಚೆ ಮನುಷ್ಯರನ್ನು ಕೇಳು. ನಿಮ್ಮ ಆಯಿ ಇನ್ನೂ ಗಟ್ಟಿಯಾಗಿದ್ದಾಳೆ. ‘ನಮ್ಮ ವಂಶಾವಳಿ ಹೇಳು’ ಅಂದರೆ ‘ನನಗೇನು ಗೊತ್ತಪ್ಪಾ’ ಅಂತ ಸೆರಗು ಸರಿಮಾಡಿಕೊಳ್ಳುತ್ತಾಳೆ. ಹಾಗೆ ಕೇಳಬೇಡ. ಕುಬುಸಕ್ಕೆ ಯಾರ ಮನೆಗೆ ಹೋಗಿದ್ದೆ, ಮನೆದೇವರಿಗೆ ಯಾವ ಊರಿಗೆ ನಡೆಯುತ್ತಿದ್ದಿರಿ, ಯಾರ ಮನೆಯ ಸೂತಕ ನಮಗೆ ಮುಟ್ಟುತ್ತಿತ್ತು ಅಂತ ಕೇಳು. ಸೂತಕ ಹಿಡಿಯುವ ಮನೆ ಅಂದರೆ ಅಣ್ಣತಮ್ಮರ ಮನೆ. ಮನೆದೇವರು ಎಲ್ಲೋ ದೂರದ ಗುಡ್ಡದ ಮೇಲೆ ಇದ್ದಾನೆಂದರೆ ನಿಮ್ಮವರು ಹೊರಟ ದಾರಿ ಆ ಕಡೆಯಿಂದಲೇ ಇದ್ದೀತು. ಜನ ಊರು ಬಿಟ್ಟರೂ ದೇವರನ್ನು ಬೇಗ ಬಿಡುವುದಿಲ್ಲ.

ಅಡ್ಡಹೆಸರನ್ನೂ ಹಗುರಾಗಿ ತಿಳಿಯಬೇಡ. ಗಲಗಲಿಯಲ್ಲೇ ಇದ್ದವನನ್ನು ಯಾರೂ ಗಲಗಲಿ ಅಂತ ಕರೆಯುವುದಿಲ್ಲ. ಊರು ಬಿಟ್ಟು ಬೇರೆ ಕಡೆ ನೆಲೆ ನಿಂತವನಿಗೇ ಆ ಹೆಸರು ಅಂಟುವುದು. ಆದರೆ ಹುಷಾರು, ಒಂದೇ ಊರಿನಿಂದ ನಾಲ್ಕು ಜಾತಿಯವರು ಬಂದು ನಾಲ್ವರೂ ಅದೇ ಹೆಸರು ಇಟ್ಟುಕೊಂಡಿರುತ್ತಾರೆ. ಹೆಸರು ಕೂಡಿತೆಂದು ಬೀಗರಾಗಲು ಓಡಬೇಡ.

ಇನ್ನು ಹೆಳವರ ವಿಷಯ. ಸುಗ್ಗಿ ಮುಗಿದ ಮೇಲೆ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರಲ್ಲ, ಅವರನ್ನು ಬೇಡಲು ಬಂದವರೆಂದು ನೀನು ಬಾಗಿಲಲ್ಲೇ ಸಾಗಹಾಕಿದ್ದನ್ನು ನಾನೇ ನೋಡಿದ್ದೇನೆ. ನಿನ್ನ ಮನೆತನದ ಪುಸ್ತಕ ಇರುವುದೇ ಅವರ ಗಂಟಿನಲ್ಲಿ! ಒಬ್ಬೊಬ್ಬ ಹೆಳವನಿಗೆ ಇಂತಿಂಥ ಊರು, ಇಂತಿಂಥ ಮನೆತನ ಅಂತ ಹಂಚಿಕೆ ಇರುತ್ತದೆ. ಕೆಲವು ವರ್ಷಕ್ಕೊಮ್ಮೆ ಬಂದು ಬೆಡಗು, ಮೂಲ ಊರು, ಮೂಲಪುರುಷನಿಂದ ಹಿಡಿದು ನಿನ್ನಪ್ಪನವರೆಗೆ ಓದಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳೋ ಬಟ್ಟೆಯೋ ರೊಕ್ಕವೋ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಅನುಕೂಲಸ್ಥರು ಹಿಂದೆ ಆಕಳನ್ನೇ ಕೊಡುತ್ತಿದ್ದರು. ಆ ಪುಸ್ತಕ ಅವರ ಪಾಲಿಗೆ ಹೊಲವಿದ್ದಂತೆ. ಕೇಳದೆ ಫೋಟೋ ಹೊಡೆಯಬೇಡ. ಓದುವಾಗ ನಡುವೆ ನಿಮ್ಮ ಮನೆತನವನ್ನು ಅಟ್ಟಕ್ಕೇರಿಸುವುದೂ ಉಂಟು. ಹೊಗಳಿಕೆಗೆ ಕಾಳು ಹಾಕು, ಹೆಸರಿಗೆ ಪೆನ್ನು ಹಿಡಿ.

ಆಮೇಲೆ ಕಚೇರಿ. ಇಲ್ಲಿ ನಮ್ಮ ಸೀಮೆಯ ತೊಡಕು ಗೊತ್ತಿರಬೇಕು. 1948ಕ್ಕೆ ಮುಂಚೆ ಜಮಖಂಡಿಗೆ ಪಟವರ್ಧನರು ದೊರೆಗಳು, ಮುಧೋಳಕ್ಕೆ ಘೋರ್ಪಡೆಯವರು. ರಬಕವಿ ಸಾಂಗಲಿ ಸಂಸ್ಥಾನದ್ದು, ಪಕ್ಕದ ಬನಹಟ್ಟಿ ಜಮಖಂಡಿಯದು. ಬೀಳಗಿಯಲ್ಲಿ ನೇರವಾಗಿ ಬ್ರಿಟಿಷರ ವಿಜಾಪುರ ಜಿಲ್ಲೆ. ಅರ್ಧ ದಿನ ಚಕ್ಕಡಿ ಹೊಡೆದರೆ ರಾಜ್ಯವೇ ಬದಲಾಗುತ್ತಿತ್ತು. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ ಮುತ್ತ್ಯಾ ಯಾವ ಊರಿನವ, ಆ ಊರು ಆಗ ಯಾರ ಕೈಯಲ್ಲಿತ್ತು ಎಂದು ಗೊತ್ತು ಮಾಡಿಕೊಳ್ಳದೆ ದಫ್ತರ ಹುಡುಕಿದರೆ ಚಪ್ಪಲಿ ಸವೆಯುತ್ತದೆ, ಅಷ್ಟೇ. ಇಟಲಿಯಿಂದ ಅಮೆರಿಕಕ್ಕೆ ಹಡಗು ಹತ್ತಿದವರ ಮೊಮ್ಮಕ್ಕಳ ಗೋಳೂ ಇದೇ. 1892ರಲ್ಲಿ ತೆರೆದ ಎಲ್ಲಿಸ್ ದ್ವೀಪದಲ್ಲಿ ಇಳಿದವರ ಪಟ್ಟಿ ಸಿಗುತ್ತದೆ, ಅಜ್ಜನ ಹೆಸರೂ ಸಿಗುತ್ತದೆ. ಹುಟ್ಟಿದ ಹಳ್ಳಿ ಯಾವುದೆಂದು ಗೊತ್ತಾಗದೆ ಇಟಲಿಯ ಜನನದ ದಾಖಲೆ ಮಾತ್ರ ಕೈಗೆ ಹತ್ತುವುದಿಲ್ಲ.

ಹೊಲ ಇದ್ದ ಮನೆಯಾದರೆ ಈಗಿನ ಉತಾರದಿಂದ ಹಿಂದಕ್ಕೆ ನಡೆ. ಉತಾರದಲ್ಲಿ ಡೈರಿ ನಂಬರು ಇರುತ್ತದೆ. ಆ ವಾರಸಾ ಡೈರಿ ತೆಗೆಸಿ ನೋಡು: ಇಂಥವನು ತೀರಿಕೊಂಡ, ಅವನಿಗೆ ಇಂಥವರು ವಾರಸುದಾರರು ಅಂತ ಒಂದು ತಲೆಮಾರೇ ಬಿಚ್ಚಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಡೈರಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹೆಣ್ಣುಮಕ್ಕಳ ಹೆಸರೂ ಕಾಣತೊಡಗುತ್ತದೆ. ಒಮ್ಮೊಮ್ಮೆ ಮುಂದಿನ ಹಾಳೆಯಲ್ಲೇ ಅವರು ಹಕ್ಕು ಬಿಟ್ಟುಕೊಟ್ಟು ಒತ್ತಿದ ಹೆಬ್ಬೆಟ್ಟೂ ಕಾಣುತ್ತದೆ. ಓದಿ ಸುಮ್ಮನೆ ಹಾಳೆ ಮಗುಚಬೇಡ, ಆ ಅತ್ತಿಗಳು ಯಾವ ಊರಿಗೆ ಹೋದರು ಅಂತ ವಿಚಾರಿಸು.

ಇನ್ನೂ ಹಿಂದೆ ಹೋದರೆ ಮೋಡಿ ಅಕ್ಷರ ಎದುರಾಗುತ್ತದೆ. ಮೊದಲು ಸಾಲುದ್ದಕ್ಕೂ ಒಂದು ಗೆರೆ ಎಳೆದು, ಆ ಗೆರೆಗೆ ಜೋತು ಬಿಟ್ಟ ಹಾಗೆ ಕೈ ಎತ್ತದೆ ಬರೆದುಕೊಂಡು ಹೋಗಿರುತ್ತಾರೆ. ಭಾಷೆ ಮರಾಠಿ. ಗೊತ್ತಿದ್ದವರಿಂದ ಓದಿಸು, ನೀನೇ ಊಹಿಸಬೇಡ. ಶಕ ವರ್ಷ ಇದ್ದರೆ 78 ಕೂಡಿಸು, ಫಸಲಿ ಇದ್ದರೆ 590. ಒಂದು ವರ್ಷ ಹಿಂದೆ ಮುಂದೆ ಆದೀತು.

ಹಳೆಯ ಹೆಸರುಗಳ ಬಲೆ ಇನ್ನೊಂದಿದೆ. ನಮ್ಮಲ್ಲಿ ಮುತ್ತ್ಯಾನ ಹೆಸರು ಮೊಮ್ಮಗನಿಗೆ. ಮಲ್ಲಪ್ಪನ ಮಗ ಸಿದ್ದಪ್ಪ, ಸಿದ್ದಪ್ಪನ ಮಗ ಮಲ್ಲಪ್ಪ, ಮತ್ತೆ ಸಿದ್ದಪ್ಪ. ‘ಮಲ್ಲಪ್ಪ ಸಿದ್ದಪ್ಪ’ ಅಂತ ಕಂಡ ಕೂಡಲೇ ಸಿಕ್ಕನೆಂದು ಕುಣಿಯಬೇಡ. ಯಾವ ಮಲ್ಲಪ್ಪ? ಹೆಂಡತಿಯ ಹೆಸರು ನೋಡು, ಸರ್ವೆ ನಂಬರು ನೋಡು. ಸಾಲಿ ರಜಿಸ್ಟರಿನ ಹುಟ್ಟಿದ ದಿನಾಂಕವನ್ನಂತೂ ನಂಬಿ ಕೂಡಬೇಡ. ನಮ್ಮ ಕಾಲದವರಲ್ಲಿ ಅರ್ಧಕ್ಕರ್ಧ ಜನ ಹುಟ್ಟಿದ್ದು ಜೂನ್ 1ರಂದೇ, ಮಾಸ್ತರರ ಕೃಪೆಯಿಂದ.

ಕಡೆಯದಾಗಿ ಕಹಿ ಮಾತೊಂದು. ಹುಡುಕಲು ಹೊರಟವರಿಗೆಲ್ಲ ತಮ್ಮ ಮೂಲಪುರುಷ ದೇಸಾಯಿಯೋ ದಂಡನಾಯಕನೋ ಆಗಿರಬೇಕೆಂಬ ಆಸೆ. ಎಲ್ಲರ ಮುತ್ತ್ಯಾನೂ ಕುದುರೆ ಏರಿದ್ದರೆ ಗಳೆ ಹೊಡೆದವರು ಯಾರು, ಮಗ್ಗ ನೇಯ್ದವರು ಯಾರು? ನಿನ್ನ ಹಿರಿಯ ಸಾಲ ತೀರಿಸಲಾರದೆ ರಾತ್ರೋರಾತ್ರಿ ಊರು ಬಿಟ್ಟವನೂ ಆಗಿದ್ದಾನು. ಸಿಕ್ಕದ್ದನ್ನು ಸಿಕ್ಕ ಹಾಗೆ ಬರೆದಿಡು. ಹಸಿವಿನಲ್ಲೂ ಮಕ್ಕಳನ್ನು ಬದುಕಿಸಿಕೊಂಡು ಬಂದವನು ಯಾವ ದಂಡನಾಯಕನಿಗೂ ಕಡಿಮೆಯಲ್ಲ.

ಹೆಳವರ ಪುಸ್ತಕದಲ್ಲಿ ಗಂಡಿನ ಸಾಲೇ ದೊಡ್ಡದು. ಈ ಸಲ ಬಂದಾಗ ಕೂಡಿಸಿ, ಚಹಾ ಕೊಟ್ಟು, ನಿನ್ನ ಅಕ್ಕತಂಗಿಯರ ಹೆಸರನ್ನೂ ಬರೆಸು. ಅದಕ್ಕೂ ಮೊದಲು ಬರುವ ಭಾನುವಾರ ಮೊಬೈಲು ಪಕ್ಕಕ್ಕಿಟ್ಟು ಆಯಿಯ ಹತ್ತಿರ ಕೂಡು. ಅವಳಿಗೆ ಕಿವಿ ಮಂದ. ಸ್ವಲ್ಪ ಜೋರಾಗಿಯೇ ಕೇಳು.