ಭೃತ್ಯಾಚಾರವೂ ವೃದ್ಧರ ಪರಿಚರ್ಯೆಯೂ

ವೀರಶೈವ ಧರ್ಮದಲ್ಲಿ ಪಂಚಾಚಾರಗಳು ಸುಪ್ರಸಿದ್ಧವಾಗಿವೆ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ ಎಂಬುದು ಅವುಗಳ ಕ್ರಮ. ಶಿವಶರಣರೇ ಹಿರಿಯರು, ತಾನು ಅವರ ಸೇವಕನು ಎಂಬ ಭಾವದಿಂದ ನಡೆಯುವುದೇ ಭೃತ್ಯಾಚಾರ. ಎಣಿಕೆಯಲ್ಲಿ ಇದು ಕೊನೆಯದಾದರೂ ಬೆಲೆಯಲ್ಲಿ ಕಿರಿದಲ್ಲ. ಮಿಕ್ಕ ನಾಲ್ಕು ಆಚಾರಗಳು ಪಕ್ವವಾಗಿವೆಯೇ ಎಂಬುದನ್ನು ಇದರಿಂದಲೇ ಅರಿಯಬಹುದು. ಇಂದಿನ ಗೃಹಸ್ಥರ ಮನೆಗಳಲ್ಲಿ ಹೆಚ್ಚುತ್ತಿರುವ ಒಂದು ಕಾಯಕವನ್ನು ಮುಂದಿಟ್ಟುಕೊಂಡು ಈ ಆಚಾರದ ಅರ್ಥವನ್ನು ವಿಚಾರಿಸೋಣ. ವೇತನ ಪಡೆದು ವೃದ್ಧರ ಪರಿಚರ್ಯೆ ಮಾಡುವುದೇ ಆ ಕಾಯಕ.

೨೦೧೧ರ ಜನಗಣತಿಯಂತೆ ಅರವತ್ತು ವರ್ಷ ತುಂಬಿದವರು ನಮ್ಮ ದೇಶದಲ್ಲಿ ೧೦ ಕೋಟಿಗೂ ಮಿಕ್ಕಿ ಇದ್ದರು. ಮಕ್ಕಳು ಉದ್ಯೋಗನಿಮಿತ್ತ ಬೆಂಗಳೂರಿಗೋ ಪುಣೆಗೋ ಹೊರದೇಶಕ್ಕೋ ಹೋಗಿರುತ್ತಾರೆ. ಊರಿನ ಮನೆಯಲ್ಲಿ ತಾಯಿತಂದೆಗಳು ಉಳಿದಿರುತ್ತಾರೆ. ಅವರು ಹಾಸಿಗೆ ಹಿಡಿದಾಗ ಪರಿಚಾರಕರನ್ನು ನೇಮಿಸುವುದು ಅನಿವಾರ್ಯವಾಗುತ್ತದೆ. ಆಗ ಭಕ್ತರ ಮನಸ್ಸಿನಲ್ಲಿ ಎರಡು ಸಂದೇಹಗಳು ಏಳುತ್ತವೆ. ಕೂಲಿಗೆ ಬಂದವರು ಮಾಡುವುದು ಸೇವೆಯೆನಿಸುವುದೇ? ಅವರನ್ನು ನೇಮಿಸಿದ ಮಾತ್ರಕ್ಕೆ ಮಕ್ಕಳ ಋಣ ತೀರುವುದೇ?

ಮೊದಲನೆಯ ಸಂದೇಹಕ್ಕೆ ಶರಣರ ಬಾಳೇ ಉತ್ತರ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನುಲಿಯ ಚಂದಯ್ಯನು ಹಗ್ಗ ಹೊಸೆದು ಮಾರಿದನು. ಮೇದಾರ ಕೇತಯ್ಯನು ಬಿದಿರಿನ ಬುಟ್ಟಿ ಹೆಣೆದನು. ಮಡಿವಾಳ ಮಾಚಿದೇವನು ಬಟ್ಟೆ ಮಡಿ ಮಾಡಿದನು. ಕಾಯಕಕ್ಕೆ ತಕ್ಕ ಪ್ರತಿಫಲ ಪಡೆಯುವುದನ್ನು ಅವರಾರೂ ಹೀನವೆಂದು ಬಗೆಯಲಿಲ್ಲ. ಸತ್ಯಶುದ್ಧವಾಗಿ ದುಡಿದು, ಬಂದುದನ್ನು ದಾಸೋಹಕ್ಕೆ ಸಲ್ಲಿಸಿ, ಪ್ರಸಾದಬುದ್ಧಿಯಿಂದ ಉಂಡರು. ಆದುದರಿಂದ ವೇತನವು ಕಾಯಕವನ್ನು ಕೆಡಿಸುವುದಿಲ್ಲ. ವೇತನವೊಂದರ ಮೇಲೆಯೇ ಕಣ್ಣು ನೆಟ್ಟಾಗ ಮಾತ್ರ ಅದು ಕೆಡುತ್ತದೆ.

ಹಾಗಾದರೆ ಒಳ್ಳೆಯ ಪರಿಚಾರಕನ ಲಕ್ಷಣಗಳಾವುವು? ಆಯುರ್ವೇದದ ಆಚಾರ್ಯನಾದ ಚರಕನು ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳ ಮೇಲೆ ಚಿಕಿತ್ಸೆಯನ್ನು ನಿಲ್ಲಿಸಿದ್ದಾನೆ. ಅವರಲ್ಲಿ ಪರಿಚಾರಕನಿಗೆ ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳಿರಬೇಕೆಂದು ಹೇಳಿದ್ದಾನೆ. ಈ ನಾಲ್ಕನ್ನು ವಿವರಿಸಿ, ಶರಣಮಾರ್ಗವು ಅದಕ್ಕೆ ಕೂಡಿಸುವ ಐದನೆಯದನ್ನು ಅನಂತರ ನೋಡೋಣ.

೧. ಉಪಚಾರಜ್ಞತೆ. ಮಾಡಬೇಕಾದ ಉಪಚಾರವನ್ನು ಅರಿತಿರುವುದು. ಬರಿಯ ಕನಿಕರ ಸಾಲದು. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಸೊಂಟ, ಬೆನ್ನಿನ ಕೆಳಭಾಗ, ಹಿಮ್ಮಡಿಗಳಲ್ಲಿ ಒತ್ತಡದ ಹುಣ್ಣುಗಳಾಗುತ್ತವೆ. ಚರ್ಮ ಕೆಂಪೇರಿದುದೇ ಅದರ ಮೊದಲ ಸೂಚನೆ. ಅದನ್ನು ಪ್ರತಿದಿನ ನೋಡತಕ್ಕದ್ದು. ಮುಪ್ಪಿನಲ್ಲಿ ಬಾಯಾರಿಕೆಯ ಅರಿವು ಕುಂದುವುದರಿಂದ, ವೈದ್ಯರು ನಿರ್ಬಂಧಿಸದಿದ್ದಲ್ಲಿ, ಕೇಳದಿದ್ದರೂ ಆಗಾಗ ನೀರು ಕೊಡಬೇಕು. ಮಲಗಿದವರ ಬಾಯಿಗೆ ಅನ್ನ ಇಡಬಾರದು. ಎಬ್ಬಿಸಿ ಕೂರಿಸಿ, ಸಣ್ಣ ತುತ್ತು ಕೊಟ್ಟು, ನುಂಗಿದ ಮೇಲೆಯೇ ಮತ್ತೊಂದನ್ನು ಕೊಡಬೇಕು. ಉಂಡ ಮೇಲೂ ಅರ್ಧ ಗಂಟೆ ಕುಳಿತೇ ಇರುವಂತೆ ನೋಡಿಕೊಳ್ಳುವುದು ಕ್ಷೇಮ. ಮುಖ ಒಂದು ಕಡೆಗೆ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಒಡನೆಯೇ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಇವೆಲ್ಲವೂ ಕಲಿತು ಬರುವ ವಿದ್ಯೆ; ಹುಟ್ಟಿನಿಂದ ಬರುವುದಲ್ಲ.

೨. ದಾಕ್ಷ್ಯ. ಅರಿತುದನ್ನು ತಕ್ಕ ಹೊತ್ತಿಗೆ ಚುರುಕಾಗಿ ಮಾಡುವ ಜಾಣ್ಮೆ. ವೃದ್ಧರು ಹಾಸಿಗೆಯಿಂದ ಥಟ್ಟನೆ ಎದ್ದರೆ ತಲೆತಿರುಗಿ ಬೀಳುವ ಭಯವುಂಟು. ಕಾಲು ಇಳಿಬಿಟ್ಟು ತುಸು ಹೊತ್ತು ಕುಳ್ಳಿರಿಸಿ ಅನಂತರ ಎಬ್ಬಿಸಬೇಕು. ಬಚ್ಚಲ ನೆಲ ಒದ್ದೆಯಾಗಿರದಂತೆಯೂ ರಾತ್ರಿ ದಾರಿಯಲ್ಲಿ ಬೆಳಕಿರುವಂತೆಯೂ ಎಚ್ಚರ ವಹಿಸಬೇಕು. ಯಾವ ಮಾತ್ರೆಯನ್ನು ಎಷ್ಟು ಗಂಟೆಗೆ ಕೊಟ್ಟೆನೆಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ದಕ್ಷನಾದವನು ನೆನಪನ್ನೊಂದನ್ನೇ ನಂಬಿ ಔಷಧ ಕೊಡುವುದಿಲ್ಲ. ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸುವುದೂ ಇಲ್ಲ.

೩. ಅನುರಾಗ. ಪ್ರೀತಿ. ಮುಪ್ಪಿನವರು ಆಡಿದ ಮಾತನ್ನೇ ಆಡುತ್ತಾರೆ. ಮರೆವಿನ ರೋಗ ಹತ್ತಿದವರು ತೀರಿಹೋದ ಅಣ್ಣತಮ್ಮಂದಿರನ್ನು ಕೇಳುತ್ತಾರೆ, ಸ್ವಂತ ಮನೆಯಲ್ಲಿಯೇ ಕುಳಿತು ಮನೆಗೆ ಹೋಗಬೇಕೆನ್ನುತ್ತಾರೆ. ಅವರೊಡನೆ ವಾದಿಸಿ ಗೆದ್ದರೆ ಫಲವೇನು? ಆ ಮಾತಿನ ಹಿಂದಿರುವ ಭಯವನ್ನು ಅರಿತು ಸಮಾಧಾನ ಹೇಳುವುದೇ ಪ್ರೀತಿ. ಪ್ರೀತಿಯೆಂದರೆ ಅವರನ್ನು ಕೂಸಿನಂತೆ ಕಾಣುವುದೂ ಅಲ್ಲ. ಮಕ್ಕಳು ಮೊಮ್ಮಕ್ಕಳನ್ನು ಕಂಡ ಹಿರಿಯರನ್ನು ಏಕವಚನದಲ್ಲಿ ಗದರುವುದು, ಅವರ ಎದುರಿಗೇ ಅವರ ವಿಷಯವನ್ನು ಪರರೊಡನೆ ಆಡಿಕೊಳ್ಳುವುದು ಅವಮಾನವೇ ಸರಿ. ಅವ್ವಾ ಎನ್ನಲೇ, ಅಜ್ಜಾ ಎನ್ನಲೇ, ಯಜಮಾನರೇ ಎನ್ನಲೇ ಎಂದು ಅವರನ್ನೇ ಕೇಳಿ ಕರೆಯುವುದು ಲೇಸು.

೪. ಶೌಚ. ಇದು ಮೈಯ ಶುಚಿಯೂ ಹೌದು, ಕೈಯ ಶುಚಿಯೂ ಹೌದು. ಮಲಮೂತ್ರಗಳನ್ನು ತೆಗೆಯುವಾಗ ಮೂಗು ಮುರಿಯುವವನು ಈ ಕಾಯಕಕ್ಕೆ ಸಲ್ಲನು. ಆ ಅಸಹ್ಯಭಾವವು ಕೂರಂಬಿನಂತೆ ವೃದ್ಧರ ಎದೆಗೆ ನಾಟುತ್ತದೆ. ಇಷ್ಟಲಿಂಗಧಾರಿಗಳಿಗೆ ಪಂಚಸೂತಕಗಳಿಲ್ಲವೆಂದು ಸಾರಿದ ಧರ್ಮ ನಮ್ಮದು. ಹೇಸಿಕೆ ಬೇಡವೆಂದ ಮಾತ್ರಕ್ಕೆ ಸ್ವಚ್ಛತೆಯನ್ನು ಬಿಡಬೇಕೆಂದಲ್ಲ; ಸಾಬೂನಿನಿಂದ ಕೈತೊಳೆಯುವುದನ್ನು ಎಂದೂ ಮರೆಯಬಾರದು. ಇನ್ನು ಹಣದ ಶುಚಿ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಸತಿ ಲಕ್ಕಮ್ಮನು ಅದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಕಳುಹಿಸಿದ ಕಥೆಯನ್ನು ಅರಿಯದವರಾರು? ಕಣ್ಣು ಮಂಜಾದವರ ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇರುವುದೋ ಅವರಿಗೆ ಲಕ್ಕಮ್ಮನೇ ಗುರು.

೫. ಭೃತ್ಯಭಾವ. ಮೇಲಿನ ನಾಲ್ಕು ಗುಣಗಳಿದ್ದೂ ಪರಿಚಾರಕನು ತಪ್ಪುವ ಸ್ಥಳ ಒಂದುಂಟು. ಬಲವುಳ್ಳವನು ತಾನು, ಬಲವಿಲ್ಲದವರು ಅವರು. ಉಣಿಸುವವನು, ಎಬ್ಬಿಸುವವನು, ಬಾಗಿಲು ಹಾಕುವವನು ತಾನೇ ಆದುದರಿಂದ ಕ್ರಮೇಣ ತಾನೇ ಒಡೆಯನೆಂಬ ಭಾವ ಮೂಡುತ್ತದೆ. ಇದು ಕೆಟ್ಟವರಲ್ಲಿ ಮಾತ್ರ ಹುಟ್ಟುವುದಲ್ಲ, ದಕ್ಷರಲ್ಲಿಯೂ ಹುಟ್ಟುತ್ತದೆ. ದಕ್ಷರಲ್ಲಿ ಹುಟ್ಟಿದುದು ಬೇಗನೆ ಕಾಣಿಸದು. ಭೃತ್ಯಾಚಾರವು ಇದಕ್ಕೆ ಮದ್ದು. ಭೃತ್ಯನು ಕೇಳಿ ಮಾಡುತ್ತಾನೆ. ಈಗ ಸ್ನಾನ ಮಾಡಿಸಲೇ, ಯಾವ ಬಟ್ಟೆ ಉಡಿಸಲಿ, ರೊಟ್ಟಿ ಬೇಕೋ ಅನ್ನವೋ ಎಂದು ಕೇಳುತ್ತಾನೆ. ತಾನೇ ಮಾಡಿದರೆ ಬೇಗ ಮುಗಿಯುವ ಕೆಲಸವನ್ನೂ ಅವರ ಕೈಯಿಂದ ಆಗುವಷ್ಟು ಅವರಿಂದಲೇ ಮಾಡಿಸಿ, ಕಾದು ನಿಲ್ಲುತ್ತಾನೆ. ಸ್ನಾನ ಮಾಡಿಸುವಾಗ ಮೈಮುಚ್ಚಿ ಅವರ ಮಾನ ಕಾಯುತ್ತಾನೆ.

ಇಷ್ಟಲಿಂಗಪೂಜೆಯ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ನಡುಗುವ ಕೈಗಳಿಂದ ಪೂಜೆ ಮಾಡಿಕೊಳ್ಳುವ ಹಿರಿಯರಿಗೆ ವಿಭೂತಿ, ಪತ್ರೆ, ನೀರನ್ನು ಎಟಕುವಂತೆ ಇಟ್ಟು, ಬೆನ್ನಿಗೆ ದಿಂಬು ಕೊಟ್ಟು, ಸದ್ದಿಲ್ಲದೆ ಕುಳಿತಿರುವುದು ಪರಿಚಾರಕನ ಧರ್ಮ. ಕೊರಳಿನ ಶಿವದಾರವನ್ನಾಗಲಿ ಕರಡಿಗೆಯನ್ನಾಗಲಿ ಅವರನ್ನು ಕೇಳದೆ ಮುಟ್ಟಬಾರದು. ಪರಿಚಾರಕನು ಅನ್ಯಮತದವನೇ ಆಗಿರಲಿ, ಇಷ್ಟನ್ನು ನಡೆಸಿದರೆ ಅವನು ಭೃತ್ಯಾಚಾರಿಯೇ ಸರಿ.

ಈಗ ಎರಡನೆಯ ಸಂದೇಹ. ಕೆಲಸವನ್ನು ಪರರಿಗೆ ಒಪ್ಪಿಸಬಹುದು, ಮಗನಾಗಿರುವುದನ್ನು ಒಪ್ಪಿಸಲಾಗದು. ದಿನಕ್ಕೊಮ್ಮೆ ದೂರವಾಣಿಯಲ್ಲಿ ತಾಯಿಯೊಡನೆ ಮಾತನಾಡುವುದು, ಆಗಾಗ ಮುನ್ಸೂಚನೆಯಿಲ್ಲದೆ ಬಂದು ನೋಡುವುದು, ಅವರ ಮೈಯ ಮೇಲಿನ ಗಾಯವನ್ನೂ ಮನಸ್ಸಿನ ಗಾಯವನ್ನೂ ವಿಚಾರಿಸುವುದು ಮಕ್ಕಳ ಹೊಣೆ. ೨೦೦೭ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಮಕ್ಕಳ ಮೇಲೆ ಪೋಷಣೆಯ ಭಾರವನ್ನು ಹೊರಿಸಿದೆ. ಹಿರಿಯ ನಾಗರಿಕರನ್ನು ತೊರೆದುಬಿಡುವುದನ್ನು ದಂಡನಾರ್ಹವೆಂದಿದೆ. ಕಷ್ಟದಲ್ಲಿರುವ ಹಿರಿಯರು ಕರೆಮಾಡಬಹುದಾದ ೧೪೫೬೭ ಎಂಬ ಉಚಿತ ಸಹಾಯವಾಣಿಯೂ ಉಂಟು. ಆದರೆ ಶರಣರ ಮಕ್ಕಳೆನಿಸಿಕೊಂಡವರನ್ನು ಕಾಯಿದೆ ಬಂದು ಎಬ್ಬಿಸಬೇಕೆ?

ಇನ್ನೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಪರಿಚಾರಿಕೆಗೆ ಬೇರೆ ಲೋಟ ಬೇರೆ ತಟ್ಟೆ ಇಡುವ, ಅವಳ ಜಾತಿ ವಿಚಾರಿಸಿ ಅಡುಗೆಮನೆಯ ಹೊಸ್ತಿಲಲ್ಲಿ ತಡೆಯುವ ಮನೆಗಳು ಭಕ್ತರಲ್ಲಿಯೂ ಇವೆ. ತಾಯಿಯ ಮೈ ತೊಳೆಯಲು ಬೇಕಾದ ಕೈ ನೀರಿನ ಕೊಡ ಮುಟ್ಟಬಾರದೇ? ಜಾತಿಸೂತಕವನ್ನು ಕಳೆದ ಬಸವಣ್ಣನವರ ಹೆಸರು ಹೇಳುವ ಮನೆಯಲ್ಲಿ ಇದು ಶಿವಾಚಾರಕ್ಕೆ ಭಂಗ. ಹಗಲಿರುಳು ಒಬ್ಬರನ್ನೇ ದುಡಿಸಿ ನಿದ್ರೆಗೆ ಬಿಡುವು ಕೊಡದಿರುವುದು, ವಾರಕ್ಕೊಂದು ರಜೆ ಕೊಡದಿರುವುದು, ತಿಂಗಳ ವೇತನವನ್ನು ತಡೆಹಿಡಿಯುವುದು ಸದಾಚಾರಕ್ಕೆ ಭಂಗ. ದಣಿದ ಕೈ ಎಷ್ಟು ಒಳ್ಳೆಯದಾದರೂ ಒರಟಾಗುತ್ತದೆ. ಆ ಒರಟುತನವನ್ನು ಉಣ್ಣುವವರು ಹಾಸಿಗೆಯಲ್ಲಿರುವ ನಮ್ಮ ಹಿರಿಯರೇ.

ಆದುದರಿಂದ ಪರಿಚಾರಕರನ್ನು ಆರಿಸುವಾಗ ಮೇಲಿನ ಐದು ಗುಣಗಳನ್ನು ಅವರಲ್ಲಿ ಹುಡುಕುವುದರ ಜೊತೆಗೆ, ಆ ಗುಣಗಳು ಬಾಡದಂತೆ ಕಾಯುವ ಮನೆ ನಮ್ಮದೇ ಎಂಬುದನ್ನೂ ಪರೀಕ್ಷಿಸಿಕೊಳ್ಳೋಣ. ಭೃತ್ಯಾಚಾರವು ಕೂಲಿಯವರಿಗೆ ಮಾತ್ರ ವಿಧಿಸಿದ ವ್ರತವಲ್ಲ. ಲಿಂಗ ಕಟ್ಟಿದ ಪ್ರತಿಯೊಬ್ಬರದೂ ಅದು. ಮುಪ್ಪಿನವರ ಸೇವೆ ಮಾಡುವವರನ್ನು ತಾನೂ ಒಂದಿಷ್ಟು ಸೇವಿಸುವ ಗೃಹಸ್ಥನ ಮನೆಯಲ್ಲಿ ಶಿವನು ನೆಲಸಿರುತ್ತಾನೆ.