ಕಸದ ರಾಶಿಯ ಬಲಾಬಲ

ಬದನಗುಪ್ಪೆಯ ಸುತ್ತಣ ರೈತಾಪಿ ಜನರಿಗೆ ತಿಪ್ಪೆಯ ಪರಿಚಯವಿಲ್ಲದೆ ಇಲ್ಲ. ತುಂಬಿಸಿದ ತಿಪ್ಪೆಯು ಕೆಲವು ತಿಂಗಳುಗಳಲ್ಲಿ ತಾನಾಗಿಯೇ ತಗ್ಗುವುದನ್ನು ಎಲ್ಲರೂ ಬಲ್ಲರು. ಮೇಲೆ ಯಾರೂ ಭಾರ ಹೇರದಿದ್ದರೂ ಅದು ತಗ್ಗುವುದೇಕೆ? ಈ ಪ್ರಶ್ನೆಗೆ ಉತ್ತರವನ್ನರಿತರೆ ನಗರಗಳ ಹೊರವಲಯದಲ್ಲಿ ಗುಡ್ಡದಂತೆ ಬೆಳೆದಿರುವ ಕಸದ ರಾಶಿಗಳ ಸ್ವಭಾವವನ್ನೂ ಅವುಗಳಿಂದೊದಗುವ ಅಪಾಯವನ್ನೂ ತಿಳಿಯಬಹುದು.

ರಾಶಿಯ ಕುಸಿತಕ್ಕೆ ಕಾರಣಗಳು ಮೂರು. ಮೊದಲನೆಯದು, ಮೇಲಣ ಪದರಗಳ ಭಾರದಿಂದ ಕೆಳಗಿನ ಕಸವು ಒಡನೆಯೇ ಒತ್ತಿಕೊಳ್ಳುವುದು. ಎರಡನೆಯದು, ಡಬ್ಬಿ, ಬಟ್ಟೆ, ಕಾಗದಗಳು ಕಾಲಕ್ರಮದಲ್ಲಿ ಬಾಗಿ, ಮಡಿಸಿ, ಜಾರಿ ಸಂದುಗಳನ್ನು ತುಂಬುವುದು. ಮೂರನೆಯದು, ಆಹಾರಪದಾರ್ಥವು ಸೂಕ್ಷ್ಮಜೀವಿಗಳಿಂದ ಕೊಳೆತು ಅನಿಲವಾಗಿಯೂ ದ್ರವವಾಗಿಯೂ ಮಾರ್ಪಡುವುದು. ಮಣ್ಣಿನಲ್ಲಿ ಈ ಮೂರನೆಯ ಕಾರಣ ಅತ್ಯಲ್ಪ. ಮನೆಗಸದಲ್ಲಿ ಅದೇ ಪ್ರಧಾನ. ಆದುದರಿಂದ ಕಸದ ರಾಶಿಯು ದಶಕಗಳವರೆಗೆ ಇಳಿಯುತ್ತ, ತನ್ನ ಎತ್ತರದ ಕಾಲು ಭಾಗವನ್ನೋ ಅದಕ್ಕಿಂತ ಹೆಚ್ಚನ್ನೋ ಕಳೆದುಕೊಳ್ಳಬಹುದು. ಅದು ಎಲ್ಲೆಡೆ ಸಮನಾಗಿ ಇಳಿಯದ ಕಾರಣ ಅದರ ಮೇಲೆ ಕಟ್ಟಿದ ಗೋಡೆಗಳು ಬಿರಿಯುತ್ತವೆ.

ಇನ್ನು ಬಲದ ವಿಚಾರ. ಒಂದು ಪದರವು ಇನ್ನೊಂದರ ಮೇಲೆ ಜಾರದಂತೆ ತಡೆಯುವ ಶಕ್ತಿಯೇ ಇಳಿಜಾರನ್ನು ನಿಲ್ಲಿಸುವುದು. ಕಸದಲ್ಲಿ ಈ ಶಕ್ತಿಗೆ ಘರ್ಷಣೆಯ ಜೊತೆಗೆ ಎಳೆಗಳ ಬೆಂಬಲವೂ ಉಂಟು. ಮಣ್ಣಿನ ಗೋಡೆಗೆ ಹುಲ್ಲು ಬೆರೆಸುವಂತೆ, ಪ್ಲಾಸ್ಟಿಕ್ ಹಾಳೆಗಳೂ ಬಟ್ಟೆಯ ಚಿಂದಿಗಳೂ ರಾಶಿಯನ್ನು ಹೆಣೆದು ಹಿಡಿಯುತ್ತವೆ. ಪ್ರಯೋಗಶಾಲೆಯಲ್ಲಿ ಕಸದ ಮಾದರಿಯನ್ನು ಒತ್ತಿದಾಗ ಅದು ಫಕ್ಕನೆ ಮುರಿಯದೆ, ವಿರೂಪವಾದಷ್ಟೂ ಹೆಚ್ಚು ಪ್ರತಿರೋಧ ತೋರುವುದುಂಟು. ಆದರೆ ಎಳೆಗಳು ಬಹುಮಟ್ಟಿಗೆ ಅಡ್ಡಲಾಗಿ ಮಲಗಿರುವುದರಿಂದ, ಅವುಗಳನ್ನು ಅಡ್ಡಹಾಯ್ದು ಜಾರುವುದು ಕಷ್ಟ. ಅವುಗಳ ಗುಂಟ ಜಾರುವುದು ಸುಲಭ. ಕಡಿದಾಗಿ ನಿಂತ ರಾಶಿಯನ್ನು ಕಂಡು ಅದು ಭದ್ರವೆಂದು ನಂಬಲಾಗದು.

ಈ ಬಲದ ಪರಮ ಶತ್ರು ನೀರು. ಸಂದುಗಳಲ್ಲಿ ತುಂಬಿದ ನೀರು ಭಾರದ ಒಂದಂಶವನ್ನು ತಾನೇ ಹೊರುವುದರಿಂದ ಕಸದ ತುಣುಕುಗಳ ಪರಸ್ಪರ ಒತ್ತಡ ತಗ್ಗಿ ಘರ್ಷಣೆ ಕುಂದುವುದು. 2000ದ ಜುಲೈ 10ರಂದು ಫಿಲಿಪ್ಪೀನ್ಸಿನ ಪಯಾಟಾಸ್‌ನಲ್ಲಿ ಭಾರಿ ಮಳೆಯ ಬಳಿಕ ರಾಶಿ ಜರಿದು ಇನ್ನೂರಕ್ಕೂ ಹೆಚ್ಚು ಜನ ಮಡಿದರು. 2005ರ ಫೆಬ್ರವರಿ 21ರಂದು ಇಂಡೋನೇಷ್ಯದ ಬಂಡುಂಗ್ ಬಳಿ ನಡೆದ ದುರಂತದಲ್ಲಿ ಸತ್ತವರು 140ಕ್ಕೂ ಅಧಿಕ. ಅಲ್ಲಿ ಒಳಗೊಳಗೇ ಹೊಗೆಯಾಡುತ್ತಿದ್ದ ಬೆಂಕಿಯು ಪ್ಲಾಸ್ಟಿಕ್ ಎಳೆಗಳನ್ನು ಸುಟ್ಟು ರಾಶಿಯ ಬಲವನ್ನು ಕುಗ್ಗಿಸಿತ್ತೆಂದು ತಜ್ಞರು ಕಂಡುಕೊಂಡರು. ಎರಡೆಡೆಯೂ ಬಲಿಯಾದವರು ಬಹುಪಾಲು ರಾಶಿಯ ಬುಡದಲ್ಲೇ ಬಾಳುತ್ತಿದ್ದ ಬಡವರು. 2017ರ ಸೆಪ್ಟೆಂಬರ್ 1ರಂದು ದೆಹಲಿಯ ಗಾಜಿಪುರದಲ್ಲಿಯೂ ರಾಶಿ ಜರಿದು ಇಬ್ಬರು ಅಸುನೀಗಿದರು.

ನಮ್ಮ ನಾಡಿನಲ್ಲಿ ಬೆಂಗಳೂರಿನ ಕಸವು ಮಾವಳ್ಳಿಪುರ, ಮಂಡೂರು ಗ್ರಾಮಗಳ ಬಳಿ ಗುಡ್ಡವಾಯಿತು. ಗ್ರಾಮಸ್ಥರ ಹೋರಾಟದ ಫಲವಾಗಿ ಮಾವಳ್ಳಿಪುರದಲ್ಲಿ 2012ರಲ್ಲಿಯೂ ಮಂಡೂರಿನಲ್ಲಿ 2014ರ ಕೊನೆಯಲ್ಲಿಯೂ ಸುರಿಯುವುದು ನಿಂತಿತು. ತರುವಾಯ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಗಣಿ ಹೊಂಡಗಳು ಕಸದ ತಾಣಗಳಾದವು. ಕರಿಕಲ್ಲಿಗೆ ಹೆಸರಾದ ನಮ್ಮ ಚಾಮರಾಜನಗರ ಜಿಲ್ಲೆಯವರು ಇದನ್ನು ಗಮನಿಸಬೇಕು. ಹೊಂಡವನ್ನು ಕಸದಿಂದ ತುಂಬಿ ಮೇಲೆ ಮಣ್ಣು ಹರಡಿದೊಡನೆ ಅದು ಗಟ್ಟಿ ನೆಲವಾಗದು. ಶಾಲೆಗಾಗಲಿ ಮನೆಗಾಗಲಿ ಅದು ತಕ್ಕ ತಳಹದಿಯಲ್ಲ.

ಪರಿಹಾರ ಮನೆಯಿಂದಲೇ ಆರಂಭವಾಗತಕ್ಕದ್ದು. ಹಸಿಕಸವನ್ನು ಬೇರ್ಪಡಿಸಿ ಗೊಬ್ಬರ ಮಾಡಿದಲ್ಲಿ, ರಾಶಿಗೆ ಸೇರುವ ನೀರೂ ಕೊಳೆಯುವ ಪದಾರ್ಥವೂ ಒಟ್ಟಿಗೆ ಕಡಿಮೆಯಾಗುವುವು. ಕಸವನ್ನು ಮೂಲದಲ್ಲಿಯೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದವು. ಉಪಾಧ್ಯಾಯರು ತರಗತಿಯಲ್ಲಿ ಎರಡು ಗಾಜಿನ ಜಾಡಿಗಳಲ್ಲಿ ಮಣ್ಣನ್ನೂ ತರಕಾರಿ ಸಿಪ್ಪೆಯನ್ನೂ ಬೇರೆಬೇರೆಯಾಗಿ ತುಂಬಿಸಿ, ಅವುಗಳ ಎತ್ತರವನ್ನು ವಾರಕ್ಕೊಮ್ಮೆ ಅಳೆಯಿಸಿದರೆ, ಈ ಪಾಠವನ್ನು ಮಕ್ಕಳು ಕಣ್ಣಾರೆ ಕಂಡು ಕಲಿತಾರು.